ಮೂವತ್ತು ಔಟಿನ ಆಟ

ಮಾರ್ಲೋ ಬೆಂಡ್, ಓಹಾಯೊ
21 ಮೇ 1950

ಎಮಿಲ್,

ಅಕ್ಷರ ನಿನ್ನ ಅತ್ತಿಗೆಯದು, ಮಾತು ನನ್ನದು. ಕಾಗುಣಿತ ತಪ್ಪಿದ್ದರೆ ಅವಳನ್ನು ಬೈ, ವಿಷಯ ತಪ್ಪಿದ್ದರೆ ನನ್ನನ್ನು. ಈ ಸಾಲು ಬರೆಯುವುದಿಲ್ಲ ಎಂದು ಪೆನ್ನು ಕೆಳಗಿಟ್ಟಿದ್ದಳು. ಕಾಫಿ ಮಾಡಿಕೊಡುತ್ತೇನೆ ಎಂದ ಮೇಲೆ ಎತ್ತಿಕೊಂಡಳು. ಕುರುಡನ ಕೈಯ ಕಾಫಿ ಕುಡಿಯುವ ಧೈರ್ಯ ಈ ಊರಿನಲ್ಲಿ ವೆರೋನಾ ಒಬ್ಬಳಿಗೇ ಇರುವುದು.

ನೀನು ಚಂದಾ ಕಟ್ಟಿ ಕಳಿಸುವ ಸಾಲ್ಟ್‌ಫೋರ್ಕಿನ ಪೇಪರು ಟಪಾಲಿನಲ್ಲಿ ಬರುತ್ತಿದೆ. ನಾಲ್ಕು ದಿನದ ಹಳಸಲು, ಆದರೂ ನನಗೆ ಅದೇ ಬಿಸಿಬಿಸಿ. ವೆರೋನಾ ಬೇಕರಿಯ ಕೆಲಸ ಮುಗಿಸಿ ಬಂದು, ಕಾಲು ಚಾಚಿ ಕೂತು, ನಿಮ್ಮ ಬೇಸ್‌ಬಾಲ್ ತಂಡದ ಆಟದ ಪಟ್ಟಿ ಓದುತ್ತಾಳೆ. ಯಾರು ಎಷ್ಟು ಸಲ ಬ್ಯಾಟ್ ಹಿಡಿದ, ಎಷ್ಟು ರನ್, ಎಷ್ಟು ಹಿಟ್, ಎಷ್ಟು ಜನರನ್ನು ಔಟ್ ಮಾಡಿದ, ಎಲ್ಲವನ್ನೂ. ಮೊದಲ ದಿನ ರೇಗಿದಳು.

“ಎಮಿಲ್‌ದು ಒಂದು ಸಾಲು ಓದಿದ್ರೆ ಸಾಕಲ್ವೇನ್ರೀ? ಮಿಕ್ಕವರೆಲ್ಲ ನಿಮಗೇನಾಗ್ಬೇಕು?”

“ಒಂದು ಸಾಲಲ್ಲಿ ಆಟ ಕಾಣಲ್ಲ ಕಣೇ. ಎಲ್ಲ ಓದು.”

ಗಾಜಿನ ಕಾರ್ಖಾನೆಯ ಭಾನುವಾರದ ಆಟಗಳಿಗೆ ವರ್ಷಗಟ್ಟಲೆ ಪಟ್ಟಿ ಬರೆದವನು ನಾನು. ತಾಳೆ ನೋಡದೆ ಒಂದು ದಿನವೂ ಮೈದಾನ ಬಿಟ್ಟು ಎದ್ದವನಲ್ಲ. ಕುಲುಮೆ ಸಿಡಿದು ಕಣ್ಣು ಹೋಯಿತೇ ಹೊರತು, ಕೇಳಿಸಿಕೊಂಡರೆ ಆಟ ಈಗಲೂ ಕಾಣುತ್ತದೆ. ಮೊನ್ನೆ ನೀನು ಸೆಕೆಂಡ್ ಬೇಸಿನಲ್ಲಿ ನಿಂತು ನಾಲ್ವರನ್ನು ಔಟ್ ಮಾಡಿದ್ದು ಕಂಡಿತು. ಬ್ಯಾಟ್ ಹಿಡಿದಾಗಲೆಲ್ಲ ಬರಿಗೈಯಲ್ಲಿ ವಾಪಸಾದದ್ದೂ ಕಂಡಿತು. ತಿರುಗುವ ಚೆಂಡು ಬಂದರೆ ಈಗಲೂ ಹಿಮ್ಮಡಿ ಎತ್ತುತ್ತೀಯಾ? ನಿಜ ಹೇಳು. ಪಾದ್ರಿಯ ಕಿಟಕಿ ಒಡೆದ ದಿನ ಹೇಳಿದ್ದನ್ನೇ ಈಗಲೂ ಹೇಳುತ್ತೇನೆ: ಊರಿಗೆಲ್ಲ ಬೇಕಾದ್ದು ಹೇಳಿಕೋ, ನನಗೆ ಮಾತ್ರ ರೈಲು ಬಿಡಬೇಡ.

ಅಣ್ಣ ಆಲ್ಬಿನ್


ಸಾಲ್ಟ್‌ಫೋರ್ಕ್, ಟೆಕ್ಸಾಸ್
4 ಜೂನ್ 1950

ಅಣ್ಣ,

ಹಿಮ್ಮಡಿ ಎತ್ತುತ್ತಿಲ್ಲ. ಎತ್ತಿದರೂ ನೆಲ ಇಷ್ಟು ಕಾದಿರುವಾಗ ಯಾರು ತಾನೇ ಎತ್ತುವುದಿಲ್ಲ?

ಊಟದ ಮನೆಯ ಮಿಸೆಸ್ ಪಕೆಟ್ ಮೂರು ಹೊತ್ತೂ ಬೀನ್ಸ್ ಬೇಯಿಸಿ ಹಾಕುತ್ತಾಳೆ. ಅತ್ತಿಗೆ ಮಾಡುವ ಎಲೆಕೋಸಿನ ಸೂಪು ಕನಸಿನಲ್ಲಿ ಬರುತ್ತದೆ ಎಂದು ಅವಳಿಗೆ ಹೇಳು. ಹೇಳುವುದೇನು, ಅವಳೇ ತಾನೇ ಓದುತ್ತಿರುವುದು. ಅತ್ತಿಗೆ, ನಮಸ್ಕಾರ.

ಓಕ್ಲಹೋಮಾದಿಂದ ಟಾಲಿವರ್ ಎಂಬ ಹೊಸಬ ಬಂದಿದ್ದಾನೆ. ಅವನೂ ಸೆಕೆಂಡ್ ಬೇಸಿನವನೇ. ಹೊಡೆಯುತ್ತಾನೆ, ಹಿಡಿಯಲು ಬರುವುದಿಲ್ಲ. ನನಗೇನೂ ತೊಂದರೆಯಿಲ್ಲ. ನಮ್ಮ ಮ್ಯಾನೇಜರ್ ಬಡ್‌ಗೆ ನನ್ನ ಮೇಲೆ ನಂಬಿಕೆಯಿದೆ.

ಇನ್ನೊಂದು ಮಾತು. ಆ ಪಟ್ಟಿಯನ್ನು ಅಷ್ಟೊಂದು ನೆಚ್ಚಿಕೊಳ್ಳಬೇಡ. ಇಲ್ಲಿ ಅದನ್ನು ಬರೆಯುವವನು ಅರ್ಧ ಆಟ ತೂಕಡಿಸುತ್ತಾನೆ.

ಎಮಿಲ್


ಮಾರ್ಲೋ ಬೆಂಡ್
28 ಜೂನ್ 1950

ಎಮಿಲ್,

ಪಟ್ಟಿ ಬರೆಯುವವನ ಮೇಲೆ ಗೂಬೆ ಕೂರಿಸುವ ಆಟಗಾರರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಿಟ್ ಬಿದ್ದ ದಿನ ಯಾರೂ ಆ ಮಾತು ಆಡುವುದಿಲ್ಲ.

ಹೋಗಲಿ, ಈಗ ಹೊಡೆಯತೊಡಗಿದ್ದೀಯಲ್ಲ. ಕ್ಲೋವಿಸ್ ವಿರುದ್ಧ ಎರಡು ಹಿಟ್. ಲಬ್ಬಕ್ ವಿರುದ್ಧ ಮೂರು! ಕೇಳಿ ತೊಡೆ ತಟ್ಟಿದೆ. ಆದರೆ ನನಗೊಂದು ಅರ್ಥವಾಗುತ್ತಿಲ್ಲ. ಹೊಡೆಯುತ್ತಿರುವವನ ಬಾಯಿ ಸುಮ್ಮನಿರುವುದಿಲ್ಲ. ಮೊದಲೆಲ್ಲ ಒಂದು ಹಿಟ್ ಬಿದ್ದರೆ ಎರಡು ಹಾಳೆ ಬರೆಯುತ್ತಿದ್ದವನು ಈಗ ವಾರಗಟ್ಟಲೆ ಒಂದು ಗೆರೆಯೂ ಎಳೆದಿಲ್ಲ. ಯಾಕೆ?

ಆ ಟಾಲಿವರ್ ಎಲ್ಲಿ ನಿಲ್ಲುತ್ತಾನೆ? ವೆರೋನಾ ಅವನದ್ದೂ ಸೆಕೆಂಡ್ ಬೇಸ್ ಎಂದೇ ಓದುತ್ತಾಳೆ, ನಿನ್ನದೂ ಸೆಕೆಂಡ್ ಬೇಸ್.

“ಇಬ್ಬರೂ ಒಂದೇ ಕಡೆ ಹೇಗೇ ನಿಂತ್ರು?” ಎಂದೆ.

“ಅರ್ಧ ಆಟ ಅವನು, ಅರ್ಧ ಆಟ ಇವನು. ನಂಗೇನ್ ಗೊತ್ತು? ಪೇಪರ್‌ನವರನ್ನ ಕೇಳಿ,” ಎಂದು ಎದ್ದು ಒಲೆಯ ಕಡೆ ಹೋದಳು.

ಅರ್ಧ ಆಟ ಆಡಿದವನು ನಾಲ್ಕು ಸಲ ಬ್ಯಾಟ್ ಹಿಡಿಯುವುದು ಹೇಗೆ? ಇದನ್ನೂ ಬರೆ ಎಂದು ಗದರಿ ಬರೆಸುತ್ತಿದ್ದೇನೆ. ಉತ್ತರ ಕೊಡು.

ಅಣ್ಣ


ಸಾಲ್ಟ್‌ಫೋರ್ಕ್
5 ಜುಲೈ 1950

ಅಣ್ಣ,

ಯಾವ ಲಬ್ಬಕ್ ಆಟ? ಯಾವ ಮೂರು ಹಿಟ್?

ವಿಷಯ ಗೊತ್ತಾಗಿದ್ದರೆ ನೇರವಾಗಿ ಹೇಳಿಬಿಡು. ಬಡ್ ನಿನಗೆ ಕಾಗದ ಬರೆದನೇ? ಇಲ್ಲವೇ ತಂಡದವರು ಯಾರಾದರೂ ನನ್ನ ಬೆನ್ನ ಹಿಂದೆ ಬರೆದರೋ? ಹುಡುಗನಾಗಿದ್ದಾಗ ತಪ್ಪು ಮಾಡಿದರೆ ಎದುರಿಗೆ ನಿಲ್ಲಿಸಿ ಕೇಳುತ್ತಿದ್ದವನು ನೀನು. ಈಗ ಹೊಗಳುವ ನೆಪದಲ್ಲಿ ಗಾಯದ ಮೇಲೆ ಬರೆ ಎಳೆಯುತ್ತಿದ್ದೀಯ. ಹೀಗೆ ನನ್ನನ್ನು ಆಟ ಆಡಿಸುವುದು ನಿನಗೆ ಶೋಭಿಸುವುದಿಲ್ಲ.

ಎಮಿಲ್


ಮಾರ್ಲೋ ಬೆಂಡ್
11 ಜುಲೈ 1950

ಎಮಿಲ್,

ಇದು ನಾನು, ವೆರೋನಾ. ಈ ಸಲ ಮಾತೂ ನನ್ನದೇ. ನಿನ್ನ ಕಾಗದವನ್ನು ಅವರಿಗೆ ಓದಲಿಲ್ಲ. ಕೈಯಲ್ಲಿ ಅದನ್ನೇ ಹಿಡಿದುಕೊಂಡು ಬೇರೊಂದು ಓದಿದೆ. ‘ಪ್ರೀತಿಯ ಅಣ್ಣನವರಿಗೆ, ನಾನು ಕ್ಷೇಮ, ಬಿಸಿಲು ಜಾಸ್ತಿ, ಕೈ ಬಿಡುವಿಲ್ಲದ್ದಕ್ಕೆ ಬರೆಯಲಾಗಲಿಲ್ಲ’ ಎಂದು ಏನೇನೋ ಹೇಳಿದೆ.

ನಿನ್ನನ್ನು ಯಾರೂ ಅಣಕಿಸುತ್ತಿಲ್ಲ. ಆ ಹಿಟ್ ಎಲ್ಲ ನಾನು ಕೊಟ್ಟದ್ದು.

ಜೂನ್ ನಡುವೆ ಒಂದು ದಿನದ ಪಟ್ಟಿಯಲ್ಲಿ ನಿನ್ನ ಹೆಸರಿರಲಿಲ್ಲ. ಕಣ್ತಪ್ಪಿತೇನೋ ಎಂದು ಬೆರಳಿಟ್ಟು ಹುಡುಕಿದೆ. ನಿಮ್ಮಣ್ಣ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದರು, ಗಡ್ಡ ಹೆರೆದುಕೊಂಡು. ಚಳಿಗಾಲವೆಲ್ಲ ಗೋಡೆಗೆ ಮುಖ ಹಾಕಿ ಮಲಗಿದ್ದ ಮನುಷ್ಯ. ಬಲವಂತ ಮಾಡಿದರೆ ಎರಡು ತುತ್ತು, ಇಲ್ಲದಿದ್ದರೆ ಅದೂ ಇಲ್ಲ. ನಿನ್ನ ಪೇಪರು ಬರತೊಡಗಿದ ಮೇಲೆ ಎದ್ದರು. ಪೇಪರ್ ಬರುವ ದಿನ ಮಾತ್ರ ಅವರು ಗಡ್ಡ ಹೆರೆದುಕೊಳ್ಳುವುದು. “ಓದೇ, ಯಾಕೆ ನಿಂತೆ?” ಎಂದರು. ನನ್ನ ಬಾಯಿಗೆ ತಾನಾಗಿ ಬಂತು: “ಹ್ರಿವ್ನಾಕ್, ಸೆಕೆಂಡ್ ಬೇಸ್. ನಾಲ್ಕು ಸಲ ಬ್ಯಾಟು, ಒಂದು ರನ್ನು, ಎರಡು ಹಿಟ್ಟು, ಮೂರು ಔಟು.”

ಒಂದು ಸಲ ಶುರುಮಾಡಿದ ಮೇಲೆ ನಿಲ್ಲಿಸುವುದು ಹೇಗೆ? ನೀನೇ ಹೇಳು. ಮೊದಲು ಎಲ್ಲಿದ್ದೀಯ, ಏನು ತಿನ್ನುತ್ತಿದ್ದೀಯ, ಅದನ್ನು ಬರೆ. ಬೇಕರಿಯ ವಿಳಾಸಕ್ಕೆ ಬರೆ.

ಅತ್ತಿಗೆ


ಸಾಲ್ಟ್‌ಫೋರ್ಕ್
17 ಜುಲೈ 1950

ಅತ್ತಿಗೆ,

ಟಾಲಿವರ್ ಬಂದ ವಾರದಲ್ಲೇ ಬಡ್ ನನ್ನ ಬೂಟು ನನ್ನ ಕೈಗೆ ಕೊಟ್ಟ. “ನೀನು ಒಳ್ಳೆ ಹುಡುಗ ಕಣಯ್ಯ. ಆದ್ರೆ ತಿರುಗೋ ಚೆಂಡು ಒಳ್ಳೇತನ ನೋಡಲ್ಲ,” ಎಂದ. ಈಗ ಇಲ್ಲಿಯ ಐಸ್ ಕಾರ್ಖಾನೆಯಲ್ಲಿದ್ದೇನೆ. ಕೊಕ್ಕೆ ಹಾಕಿ ಮಂಜುಗಡ್ಡೆಯ ದಿಮ್ಮಿ ಎಳೆಯುವ ಕೆಲಸ. ಬೀನ್ಸೇ ತಿನ್ನುತ್ತಿದ್ದೇನೆ.

ಮನೆಗೆ ಯಾಕೆ ಬರಲಿಲ್ಲ ಎಂದು ನೀನು ಕೇಳಲಿಲ್ಲ. ಕೇಳದಿದ್ದದ್ದಕ್ಕೆ ನಿನಗೆ ಕೈಮುಗಿಯುತ್ತೇನೆ. ನಾನು ತಂಡದ ಆಯ್ಕೆಗೆ ಹೋದ ದಿನ ಕುಲುಮೆಯಲ್ಲಿ ನನ್ನ ಪಾಳಿಗೆ ನಿಂತವನು ಅಣ್ಣ. ಅದು ಸಿಡಿದದ್ದು ಅವತ್ತೇ. ಅವನ ಕಣ್ಣು ಕೊಟ್ಟು ಕೊಂಡುಕೊಂಡ ಆಟವನ್ನು ಕಳೆದುಕೊಂಡು ಬಂದೆ ಎಂದು ಯಾವ ಬಾಯಲ್ಲಿ ಹೇಳಲಿ? ನಾಚಿಕೆಯಾಗುತ್ತದೆ.

ಪೇಪರಿನ ಚಂದಾ ನಿಲ್ಲಿಸುವುದಿಲ್ಲ. ನೀನು ಓದುತ್ತಲೇ ಇರು. ಆದರೆ ಕಾಗೆ ಹಾರಿಸುವುದಾದರೆ ನೆಟ್ಟಗೆ ಹಾರಿಸು. ಮೂರು ಸಲ ಬ್ಯಾಟ್ ಹಿಡಿದವನಿಗೆ ನಾಲ್ಕು ಹಿಟ್ ಕೊಡಬೇಡ. ದಿನಾ ಹೊಡೆಸಬೇಡ, ನಾನು ಅಷ್ಟು ಒಳ್ಳೆಯ ಆಟಗಾರನಲ್ಲವೆಂದು ಅಣ್ಣನಿಗೆ ಚೆನ್ನಾಗಿ ಗೊತ್ತು. ಆಗಾಗ ಒಂದು ಕ್ಯಾಚ್ ಬಿಡಿಸು. ಹೋಮ್ ರನ್ ಅಂತೂ ಬೇಡವೇ ಬೇಡ. ಟಾಲಿವರ್‌ನನ್ನು ಹೊರ ಮೈದಾನಕ್ಕೆ ಓಡಿಸಿಬಿಡು. ಔಟಿನ ಅಂಕಣದಲ್ಲಿ ನನ್ನ ಹೆಸರಿಗೆ ಎರಡೋ ಮೂರೋ ಹಾಕಿಕೋ, ಅದನ್ನು ಯಾರೂ ನೋಡುವುದಿಲ್ಲ. ಎಲ್ಲರ ಕಣ್ಣೂ ಹಿಟ್ಟಿನ ಮೇಲೇ ಇರುತ್ತದೆ.

ಅಣ್ಣನಿಗೆ ಅನುಮಾನ ಬಂದಿದೆಯಾ?

ಎಮಿಲ್


ಮಾರ್ಲೋ ಬೆಂಡ್
30 ಜುಲೈ 1950

ಎಮಿಲ್,

ಈ ತಿಂಗಳು ವೆರೋನಾ ನಿನ್ನ ಕಾಗದ ಓದಿದಳು. ಕಾಗದ ಬರೆಯುವುದನ್ನು ಚೆನ್ನಾಗಿ ಕಲಿತುಬಿಟ್ಟಿದ್ದೀಯ. ‘ಪ್ರೀತಿಯ ಅಣ್ಣನವರಿಗೆ’ ಎಂದು ಶುರುಮಾಡಿದ್ದೀಯಂತೆ. ಯಾವತ್ತಿನಿಂದ ನಾನು ನಿನಗೆ ಅಣ್ಣನವರಾದೆ?

ಟಾಲಿವರ್ ಇದ್ದಕ್ಕಿದ್ದಂತೆ ಹೊರ ಮೈದಾನಕ್ಕೆ ಹೋದನಂತೆ. ನೀನೂ ಹದವಾಗಿ ಆಡುತ್ತಿದ್ದೀಯ. ಒಂದು ದಿನ ಹೊಡೆತ, ಒಂದು ದಿನ ಇಲ್ಲ, ಶನಿವಾರ ಕ್ಯಾಚ್ ಬಿಟ್ಟೆಯಂತೆ. ಯಾರೋ ಕೂತು ಹೊಂದಿಸಿದ ಹಾಗಿದೆ.

ನಾನು ಕೇಳುವುದು ಒಂದೇ ಪ್ರಶ್ನೆ. ನಾವು ಮಾಡಿದ ಮೊದಲ ಚೆಂಡಿನ ಒಳಗೆ ಏನಿತ್ತು? ಆ ಚೆಂಡು ಪಾದ್ರಿಯ ಕಿಟಕಿ ಒಡೆದ ದಿನ ನಾನು ನಿನಗೆ ಏನು ಹೇಳಿದೆ ಎನ್ನುವುದೂ ನೆನಪಿರಬೇಕು. ಅದನ್ನು ಬರೆಯಬೇಕಾಗಿಲ್ಲ. ಒಳಗೆ ಏನಿತ್ತು, ಅಷ್ಟು ಬರೆ. ವೆರೋನಾಗೆ ಅದು ಗೊತ್ತಿಲ್ಲ.

ಅಣ್ಣ

(ಎಮಿಲ್, ಇದು ನಾನು ಮೂಲೆಯಲ್ಲಿ ಸೇರಿಸಿದ್ದು. ಇದೇನು ಕೇಳುತ್ತಿದ್ದಾರೋ ನನಗೆ ಗೊತ್ತಿಲ್ಲ. ಕೇಳಿದರೆ ಹೇಳುವುದಿಲ್ಲ. ಇವರಿಗೆ ಏನೋ ವಾಸನೆ ಬಡಿದಿದೆ. ಹುಷಾರು. — ವೆ.)


ಸಾಲ್ಟ್‌ಫೋರ್ಕ್
7 ಆಗಸ್ಟ್ 1950

ಅಣ್ಣ,

ನಿನ್ನ ಪ್ರಶ್ನೆ ಎತ್ತ ಹೋಗುತ್ತದೆ ಎಂದು ನನಗೆ ಗೊತ್ತು. ಕಿಟಕಿ ಒಡೆದ ದಿನ ನೀನು ಏನು ಹೇಳಿದೆ ಎಂದು ನನ್ನ ಬಾಯಿಂದಲೇ ಹೊರಡಿಸಬೇಕು ಎಂದು ತಾನೇ? ಅದೆಲ್ಲ ಹುಡುಗಾಟದ ಕಾಲದ ಮಾತು. ಚೆಂಡಿನ ಒಳಗೆ ಏನಿತ್ತೋ ಯಾರಿಗೆ ನೆನಪಿದೆ? ನಾನು ಮರೆತಿದ್ದೇನೆ.

ಆಟ ಚೆನ್ನಾಗಿ ನಡೆದಿದೆ.

ಎಮಿಲ್


ಮಾರ್ಲೋ ಬೆಂಡ್
20 ಆಗಸ್ಟ್ 1950

ಎಮಿಲ್, ನೀನು ಇದ್ದರೆ,

ಇಲ್ಲದಿದ್ದರೆ ಸಾಲ್ಟ್‌ಫೋರ್ಕಿನಲ್ಲಿ ಈ ಲಕೋಟೆ ಒಡೆದವರು ಯಾರೇ ಆಗಲಿ, ಎಮಿಲ್ ಹ್ರಿವ್ನಾಕ್ ಎಂಬ ಹುಡುಗನಿಗೆ ಏನಾಯಿತು ಎಂದು ದಯವಿಟ್ಟು ತಿಳಿಸಿ. ನಾನು ಅವನ ಅಣ್ಣ.

ರಟ್ಟಿನ ಅಂಚಿಗೆ ಪೆನ್ಸಿಲ್ ಒತ್ತಿ ನಾನೇ ಬರೆಯುತ್ತಿದ್ದೇನೆ. ಸಾಲಿನ ಮೇಲೆ ಸಾಲು ಹತ್ತಿದ್ದರೆ ಬಿಡಿಸಿಕೊಂಡು ಓದು. ವಿಳಾಸ ಕ್ಷೌರದ ಪೀಟ್ ಬರೆದುಕೊಡುತ್ತಾನೆ. ವೆರೋನಾಗೆ ಗೊತ್ತಿಲ್ಲ.

ಆಟಗಾರರು ಹಿಟ್ ನೋಡುತ್ತಾರೆ. ಪಟ್ಟಿ ಬರೆಯುವವನು ಔಟ್ ನೋಡುತ್ತಾನೆ. ಒಂಬತ್ತು ಸುತ್ತು, ಸುತ್ತಿಗೆ ಮೂರು ಔಟ್. ಪ್ರತಿ ಔಟೂ ಅದನ್ನು ಮಾಡಿದ ಯಾರಾದರೊಬ್ಬನ ಹೆಸರಿಗೆ ಬೀಳಲೇಬೇಕು. ಪೂರ್ತಿ ಆಟದಲ್ಲಿ ಒಂದು ತಂಡದ ಎಲ್ಲರದ್ದೂ ಕೂಡಿದರೆ ಇಪ್ಪತ್ತೇಳು. ದೇವರು ಬಂದು ಆಡಿದರೂ ಇಪ್ಪತ್ತೇಳೇ. ಭಾನುವಾರ ಊಟ ಆರಿಹೋಗುತ್ತದೆ ಎಂದು ವೆರೋನಾ ಕೂಗುತ್ತಿದ್ದಾಗ ನಾನು ಮೈದಾನದಲ್ಲಿ ಕೂತು ತಾಳೆ ನೋಡುತ್ತಿದ್ದದ್ದು ಇದನ್ನೇ.

ಜೂನ್‌ನಲ್ಲಿ ಒಂದು ಸಂಜೆ ಅವಳು ಓದಿದ್ದನ್ನು ಮನಸ್ಸಿನಲ್ಲೇ ಕೂಡಿದೆ. ಮೂವತ್ತು ಬಂತು. ಅವಳು ಎಲ್ಲೋ ತಪ್ಪಿ ಓದಿದಳು ಎಂದುಕೊಂಡೆ. ಮುಂದಿನ ಆಟಕ್ಕೆ ಇಪ್ಪತ್ತೊಂಬತ್ತು. ಆಮೇಲೆ ಮತ್ತೆ ಮೂವತ್ತು. ಒಬ್ಬೊಬ್ಬನನ್ನೇ ತೆಗೆದು ಕೂಡಿ ನೋಡಿದೆ. ಯಾರನ್ನು ತೆಗೆದರೂ ಸರಿಹೋಗಲಿಲ್ಲ. ನಿನ್ನನ್ನು ತೆಗೆದಾಗ ಸರಿಹೋಯಿತು. ಪ್ರತಿಸಲವೂ.

ಆ ಪಟ್ಟಿಯಲ್ಲಿ ಒಬ್ಬ ಹೆಚ್ಚಿದ್ದ, ಎಮಿಲ್. ಆ ಹೆಚ್ಚಿನವನು ನೀನು.

ಇಲ್ಲದವನನ್ನು ಇವಳು ಯಾಕೆ ಓದುತ್ತಾಳೆ? ತಂಡದಿಂದ ತೆಗೆದಿದ್ದರೆ ಹೇಳಿಬಿಡಬಹುದಿತ್ತು, ನಾನೇನು ಮಗುವೇ? ಹೇಳಲಾಗದ್ದು ಏನೋ ಆಗಿರಬೇಕು ಎಂದುಕೊಂಡೆ. ಬಸ್ಸು ಉರುಳಿತೇನೋ. ಚೆಂಡು ತಲೆಗೆ ಬಡಿಯಿತೇನೋ. ಹಾಗಾದರೆ ನಿನ್ನ ಕಾಗದಗಳು? ಅವನ್ನು ಓದುವವಳೂ ಇವಳೇ. ಆಟವನ್ನೇ ಹುಟ್ಟಿಸಬಲ್ಲವಳು ಕಾಗದ ಹುಟ್ಟಿಸಲಾರಳೇ? ಅವಳು ‘ಅಣ್ಣನವರಿಗೆ’ ಎಂದು ಓದಿದ ದಿನ ಅನುಮಾನ ಗಟ್ಟಿಯಾಯಿತು. ಅದು ನಿನ್ನ ಮಾತಲ್ಲ. ಅದಕ್ಕೇ ಚೆಂಡಿನ ಒಳಗೇನಿತ್ತು ಎಂದು ಕೇಳಿದೆ. ನಮ್ಮಿಬ್ಬರನ್ನು ಬಿಟ್ಟು ಇನ್ಯಾರಿಗೂ ಗೊತ್ತಿಲ್ಲದ್ದು ಅದೊಂದೇ. ‘ಮರೆತಿದ್ದೇನೆ’ ಎಂದು ಉತ್ತರ ಬಂತು. ಎಮಿಲ್ ಅದನ್ನು ಮರೆಯುವವನಲ್ಲ. ನೀನು ಸತ್ತಿದ್ದೀಯ ಎಂದು ನಾನು ಅವತ್ತೇ ತೀರ್ಮಾನ ಮಾಡಿದೆ. ಅವಳು ಓದುತ್ತಿದ್ದಳು, ನಾನು “ಭೇಷ್” ಎನ್ನುತ್ತಿದ್ದೆ. ಒಳಗೊಳಗೇ ನಿನಗೆ ಮಣ್ಣು ಹಾಕುತ್ತಿದ್ದೆ.

ಪೇಪರನ್ನು ಪೀಟ್ ಕೈಗೆ ಕೊಟ್ಟು ಓದಿಸಬಹುದಿತ್ತು. ಕೋಟಿನೊಳಗೆ ಮಡಿಸಿಕೊಂಡು ಅವನ ಅಂಗಡಿಯವರೆಗೆ ಹೋದೆ. ಹಾಗೇ ವಾಪಸ್ ತಂದೆ. ಅವನ ಬಾಯಿಂದ ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ.

ನೀನು ಬದುಕಿದ್ದು, ಆಟ ಮಾತ್ರ ಹೋಗಿದ್ದರೆ, ಹಾಳಾಗಿ ಹೋಗಲಿ ಆ ಆಟ. ನಿನ್ನ ಪಾಳಿಗೆ ನಾನು ನಿಂತದ್ದು ನಿನ್ನನ್ನು ದೊಡ್ಡ ಆಟಗಾರ ಮಾಡಲು ಅಲ್ಲ. ಆ ಕುಲುಮೆಯ ಮುಂದೆ ನೀನು ನಿಲ್ಲಬಾರದು ಎಂದು. ನೀನು ನಿಂತಿರಲಿಲ್ಲ. ನನಗೆ ಅಷ್ಟು ಸಾಕು.

ಉತ್ತರ ಬರೆಯಬೇಡ. ಬರೆದರೆ ಅವಳು ಓದಬೇಕು, ನಾನು ಮತ್ತೆ ಅನುಮಾನಪಡಬೇಕು. ನನ್ನ ಬೆರಳಿಗೆ ಗೊತ್ತಾಗುವಂಥದ್ದು ಏನಾದರೂ ಕಳಿಸು. ಪೀಟ್ ಅಂಗಡಿಗೆ ಕಳಿಸು.

ಆಲ್ಬಿನ್


ಮಾರ್ಲೋ ಬೆಂಡ್
17 ಸೆಪ್ಟೆಂಬರ್ 1950

ಎಮಿಲ್,

ಪೊಟ್ಟಣ ಬಂತು. ಇದನ್ನೂ ರಟ್ಟು ಹಿಡಿದೇ ಬರೆಯುತ್ತಿದ್ದೇನೆ.

ನಮ್ಮ ಚೆಂಡಿನ ಹಾಗೇ ಸುತ್ತಿದ ಕಾಲುಚೀಲದ ನೂಲು ಎಂದು ಮುಟ್ಟಿದ ಕೂಡಲೇ ಗೊತ್ತಾಯಿತು. ಪೀಟ್ ಅಂಗಡಿಯ ಕುರ್ಚಿಯಲ್ಲೇ ಕೂತು ಬಿಚ್ಚಿದೆ. ಒಳಗೆ ಗೋಲಿ. ಎಲ್ಲ ಹುಡುಗರ ಚೆಂಡಿನಲ್ಲೂ ಗೋಲಿ ಇರುತ್ತದೆ, ಇದೇನು ದೊಡ್ಡದು ಎಂದುಕೊಳ್ಳುವಷ್ಟರಲ್ಲಿ ಬೆರಳಿಗೆ ಬಾಲ ತಾಗಿತು. ನಮ್ಮದು ಕುಲುಮೆಯಿಂದ ತೊಟ್ಟಿಕ್ಕಿ ಆರಿದ ಗಾಜಿನ ಹನಿ. ಅದಕ್ಕೆ ಬಾಲವಿತ್ತು. ಟೆಕ್ಸಾಸಿನಲ್ಲಿ ಅಂಥ ಹನಿ ಸಿಗದೆ ನೀನು ಗೋಲಿಗೆ ಮೇಣದ ಬಾಲ ಮಾಡಿ ಅಂಟಿಸಿದ್ದೀಯ. ನಾನು ಅತ್ತೆ. ಅರ್ಧ ಕ್ಷೌರವಾಗಿದ್ದ ಗಿರಾಕಿಯನ್ನು ಬಿಟ್ಟು ಪೀಟ್ ನೀರು ತಂದುಕೊಟ್ಟ.

ವೆರೋನಾಗೆ ಏನೂ ಹೇಳಿಲ್ಲ. ಹೇಳಿದರೆ ಓದುವುದನ್ನು ನಿಲ್ಲಿಸಿಬಿಡುತ್ತಾಳೇನೋ ಎಂದು ಭಯ. ಈ ಆಟ ಕಂಡರೆ ಆಗದಿದ್ದವಳು ದಿನಾ ನನ್ನ ಮಗ್ಗುಲಲ್ಲಿ ಕೂತು ನಿನ್ನ ಕೈಲಿ ಹೊಡೆಸುತ್ತಿದ್ದಳಲ್ಲ. ಆದರೆ ಸೀಸನ್ ಮುಗಿಯಿತು, ಇನ್ನು ಪೇಪರಿನಲ್ಲಿ ಪಟ್ಟಿ ಬರುವುದಿಲ್ಲ ಎಂದು ಪೀಟ್ ಹೇಳಿದ. ಇನ್ನು ಮುಂದೆ ಸಂಜೆ ಹೇಗಪ್ಪಾ ಎಂದುಕೊಂಡು ನಿನ್ನೆ ಕೂತಿದ್ದೆ.

ಬಂದು ಕೂತಳು. ಕಾಗದ ಸರಬರ ಎಂದಿತು. ಪೇಪರಲ್ಲ, ಬೇಕರಿಯ ಕಾಗದ, ಬೆಣ್ಣೆಯ ವಾಸನೆ ಬಂತು. ಎಂದಿನಂತೆ ಓದತೊಡಗಿದಳು. ಟಾಲಿವರ್ ಹೆಸರೇ ಇಲ್ಲ. ಸೆಕೆಂಡ್ ಬೇಸಿನಲ್ಲಿ ನೀನೊಬ್ಬನೇ. ನಾಲ್ಕು ಸಲ ಬ್ಯಾಟು, ಎರಡು ಹಿಟ್ಟು, ಮೂರು ಔಟು. ಅಭ್ಯಾಸಬಲ, ತುಟಿಯಲ್ಲೇ ಕೂಡಿಕೊಂಡು ಹೋದೆ.

ಇಪ್ಪತ್ತೇಳು ಬಂತು, ಎಮಿಲ್. ನೀನೂ ಸೇರಿ ಇಪ್ಪತ್ತೇಳು.

ನೀನು ಬರೆದು ತಿಳಿಸಿದೆಯೋ, ಪೀಟ್ ಬಾಯಿಬಿಟ್ಟನೋ, ಇಲ್ಲ ಇಷ್ಟು ದಿನವೂ ನನ್ನ ತುಟಿ ಅಲುಗುವುದನ್ನು ಇವಳು ನೋಡುತ್ತಲೇ ಇದ್ದಳೋ, ಗೊತ್ತಿಲ್ಲ. ನನಗೆ ಮೂವರ ಮೇಲೂ ಅನುಮಾನವಿದೆ. ಓದಿ ಮುಗಿಸಿ ಕಾಗದ ಮಡಿಸಿದಳು. ಏಳಲಿಲ್ಲ.

“ಸರಿಹೋಯ್ತೇನ್ರೀ?” ಎಂದಳು.

“ಔಟೆಲ್ಲ ಸರಿಹೋಯ್ತು ಕಣೇ,” ಎಂದೆ. “ಮನೇಲಿ ಒಬ್ಬ ಕಮ್ಮಿ.”

ಬಸ್ಸು ಹತ್ತು.

ಅಣ್ಣ